ಸವಳು ನೀರು, ಗಿರ್ಮಿಟ್ ಮತ್ತು ಡಿಶ್‌ವಾಷರ್

ಪ್ರಶ್ನೆ: ನಾವು ಬಾಗಲಕೋಟೆಯ ನವನಗರದಲ್ಲಿದ್ದೇವೆ. ಡಿಶ್‌ವಾಷರ್ ತಂದು ಒಂದು ವರ್ಷವಾಯಿತು. ಮೊದಲ ಎರಡು ತಿಂಗಳು ಚೆನ್ನಾಗಿಯೇ ತೊಳೆಯಿತು. ಈಗ ಗಾಜಿನ ಲೋಟಗಳ ಮೇಲೆ ಬಿಳಿ ಪುಡಿಯಂಥ ಪದರು ಉಳಿಯುತ್ತದೆ, ಪ್ಲಾಸ್ಟಿಕ್ ಡಬ್ಬಿಗಳು ಒದ್ದೆಯಾಗಿಯೇ ಹೊರಬರುತ್ತವೆ. ದೀಪಾವಳಿಗೆ ನೆಂಟರು ಬಂದಿದ್ದಾಗ ಭಜಿಯ ಹಿಟ್ಟು ಅಂಟಿದ ಬಟ್ಟಲುಗಳು ತೊಳೆಯಲೇ ಇಲ್ಲ, ಮೇಲಿನ ಲೋಟಗಳಲ್ಲಿ ಎಳ್ಳು ಸಿಕ್ಕಿತು, ಕೊನೆಗೆ ತಳದಲ್ಲಿ ನೀರು ನಿಂತು ಯಂತ್ರವೂ ನಿಂತಿತು. ನೋಡಲು ಬಂದ ಮೆಕ್ಯಾನಿಕ್ ಬೋರ್‌ವೆಲ್ ನೀರಿನ ಟಿಡಿಎಸ್ ಅಳೆದು, ಈ ನೀರಿಗೆ ಈ ಯಂತ್ರ ನಡೆಯುವುದಿಲ್ಲ ಎಂದರು. ಯಂತ್ರದಲ್ಲಿ ಉಪ್ಪು ಮುಗಿದಿದೆ ಎಂದು ತೋರಿಸುವ ಉಪ್ಪಿನ ದೀಪ ಬಹಳ ದಿನಗಳಿಂದ ಉರಿಯುತ್ತಿದೆ, ಆದರೆ ಎಲ್ಲವೂ ಒಂದರಲ್ಲೇ ಇರುವ ತೊಳೆಯುವ ಟ್ಯಾಬ್ಲೆಟ್ ಹಾಕುವುದರಿಂದ ಉಪ್ಪು ಬೇಡವೆಂದು ಅಂಗಡಿಯಲ್ಲಿ ಹೇಳಿದ್ದರು. ಮುಂದಿನ ತಿಂಗಳು ಮಗಳ ಹುಟ್ಟುಹಬ್ಬಕ್ಕೆ ಮೂವತ್ತು ಜನ ಬರುತ್ತಾರೆ. ಒಲೆಯ ಮುಂದೆಯೇ ನಿಲ್ಲದೆ ಮಾಡಬಹುದಾದ ತಿಂಡಿಗಳನ್ನು ತಿಳಿಸಿ, ಈ ಯಂತ್ರವನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬುದನ್ನೂ ತಿಳಿಸಿ.

ಉತ್ತರ: ಮಾರಬೇಡಿ. ನಿಮ್ಮ ಯಂತ್ರ ಕೆಟ್ಟಿಲ್ಲವೆಂಬುದಕ್ಕೆ ನಿಮ್ಮ ಪತ್ರದಲ್ಲಿಯೇ ಎರಡು ಸಾಕ್ಷಿಗಳಿವೆ: ಮೊದಲ ಎರಡು ತಿಂಗಳು ಅದು ಚೆನ್ನಾಗಿ ತೊಳೆದಿದೆ, ಮತ್ತು ಉಪ್ಪಿನ ದೀಪ ಉರಿಯುತ್ತಿದೆ. ಯಂತ್ರವನ್ನು ಕೂರಿಸಲು ಬಂದವರು ಜೊತೆಗೆ ಬಂದಿದ್ದ ಉಪ್ಪನ್ನು ಮೊದಲ ದಿನ ತುಂಬಿರುತ್ತಾರೆ. ಆ ಉಪ್ಪು ಮುಗಿಯುವವರೆಗೆ ಲೋಟಗಳು ಹೊಳೆದವು, ಮುಗಿದ ಮೇಲೆ ಬೆಳ್ಳಗಾದವು. ನಾನು ವಿಜಯಪುರದಲ್ಲಿ ಬೋರ್‌ವೆಲ್ ನೀರಿನ ಮೇಲೆಯೇ ಒಂಬತ್ತು ವರ್ಷಗಳಿಂದ ಇಂಥದೇ ಯಂತ್ರವನ್ನು ನಡೆಸುತ್ತಿದ್ದೇನೆ. ಮೊದಲ ವರ್ಷ ನಾನೂ ಇದೇ ತಪ್ಪನ್ನು ಮಾಡಿದ್ದರಿಂದ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ನಿಮ್ಮ ಎರಡು ಪ್ರಶ್ನೆಗಳನ್ನು ನಾನು ಬೇರೆ ಬೇರೆಯಾಗಿ ನೋಡುವುದಿಲ್ಲ, ಏಕೆಂದರೆ ಸಂಜೆ ಏನನ್ನು ಬಡಿಸುತ್ತೀರಿ ಎಂಬುದೇ ರಾತ್ರಿ ಯಂತ್ರದೊಳಗೆ ಎಂಥ ಮುಸುರೆ ಹೋಗುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಆದರೂ ನೀರಿನಿಂದ ಆರಂಭಿಸುವುದು ಅನಿವಾರ್ಯ.

ನಿಮ್ಮ ಜಿಲ್ಲೆಯ ನೆಲದಡಿ ಸುಣ್ಣದ ಕಲ್ಲಿದೆ. ಕಲಾದಗಿಯ ಹೆಸರಿನಲ್ಲಿ ಭೂವಿಜ್ಞಾನಿಗಳು ಗುರುತಿಸುವ ಶಿಲೆಗಳಲ್ಲಿ ಸುಣ್ಣಕಲ್ಲು ಮತ್ತು ಡಾಲಮೈಟ್ ಪದರುಗಳು ಸೇರಿವೆ, ಬಾಗಲಕೋಟೆಯಲ್ಲಿ ಸಿಮೆಂಟ್ ಉದ್ಯಮ ಬೆಳೆದದ್ದೂ ಆ ಕಲ್ಲಿನಿಂದಲೇ. ಮಳೆಯ ನೀರು ಇಂಥ ಕಲ್ಲಿನ ಬಿರುಕುಗಳಲ್ಲಿ ಇಳಿಯುವಾಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ನಮ್ಮ ಹಿರಿಯರು ಇದನ್ನು ಸವಳು ನೀರು ಎಂದು ಕರೆದು, ಬ್ಯಾಳಿ ಬೇಯಿಸಲು ಸೀನೀರನ್ನೇ ದೂರದಿಂದ ಹೊತ್ತು ತರುತ್ತಿದ್ದರು, ಏಕೆಂದರೆ ಕ್ಯಾಲ್ಸಿಯಂ ಕಾಳಿನಲ್ಲಿರುವ ಪೆಕ್ಟಿನ್ ಎಂಬ ಅಂಟಿನ ಅಂಶದ ಜೊತೆ ಸೇರಿ ಅದನ್ನು ಬಿಗಿಗೊಳಿಸುತ್ತದೆ. ಅದೇ ನೀರು ಯಂತ್ರದಲ್ಲಿ ಕಾದಾಗ, ಕರಗಿದ್ದ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಅಂದರೆ ಸುಣ್ಣದ ಪುಡಿಯಾಗಿ, ಲೋಟಗಳ ಮೇಲೂ ಹೀಟರ್ ಮೇಲೂ ಕೂರುತ್ತದೆ. ನೀರು ಕಾಯಿಸುವ ಬೋಗುಣಿಯ ತಳದಲ್ಲಿ ನೀವು ನೋಡುವ ಬಿಳಿ ಚಕ್ಕೆಯೂ ಇದೇ.

ಮೆಕ್ಯಾನಿಕ್ ಟಿಡಿಎಸ್ ಅಳೆದು ತೀರ್ಪು ಕೊಟ್ಟದ್ದು ಸರಿಯಲ್ಲ. ಟಿಡಿಎಸ್ ಎಂಬುದು ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಲೆಕ್ಕ, ಅದರಲ್ಲಿ ಸೋಡಿಯಂ ಕೂಡ ಇರುತ್ತದೆ. ಗಡಸುತನವೆಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮಾತ್ರ. ಒಂದೇ ಟಿಡಿಎಸ್ ಇರುವ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಲೋಟವನ್ನು ಬಿಳಿಯಾಗಿಸಬಹುದು, ಇನ್ನೊಂದು ಬಹುಮಟ್ಟಿಗೆ ಸುಮ್ಮನಿರಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿದ ಐಎಸ್ 10500 ಮಾನದಂಡದಲ್ಲಿಯೂ ಇವೆರಡಕ್ಕೆ ಬೇರೆ ಬೇರೆ ಮಿತಿಗಳಿವೆ: ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದಲ್ಲಿ 600ರವರೆಗೆ, ಟಿಡಿಎಸ್‌ಗೆ 500, ಬೇರೆ ನೀರಿಲ್ಲದಿದ್ದರೆ 2000. ಆದ್ದರಿಂದ ನೀವು ಕೇಳಬೇಕಾದದ್ದು ಗಡಸುತನದ ಅಂಕಿಯನ್ನು. ಅದನ್ನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ತಿಳಿಯಬಹುದು, ಇಲ್ಲವೇ ಗಡಸುತನ ಅಳೆಯುವ ಕಾಗದದ ಪಟ್ಟಿಗಳನ್ನು ತರಿಸಿಕೊಂಡು ಮನೆಯಲ್ಲೇ ನೋಡಬಹುದು. ನಿಮ್ಮ ತೊಟ್ಟಿಗೆ ಕೆಲವು ದಿನ ನಲ್ಲಿಯ ನದಿ ನೀರು, ಕೆಲವು ದಿನ ಬೋರ್‌ವೆಲ್ ನೀರು ಬೀಳುತ್ತಿದ್ದರೆ ಎರಡನ್ನೂ ಪರೀಕ್ಷಿಸಿ, ಹೆಚ್ಚಿನ ಅಂಕಿಯನ್ನೇ ಹಿಡಿಯಿರಿ.

ಆ ಅಂಕಿ ಏಕೆ ಬೇಕೆಂದರೆ, ನಿಮ್ಮ ಯಂತ್ರದ ಒಳಗೇ ನೀರನ್ನು ಮೆದುಗೊಳಿಸುವ ಒಂದು ಚಿಕ್ಕ ಭಾಗವಿದೆ. ಅದರಲ್ಲಿರುವ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿಹೋದಾಗ ಯಂತ್ರವು ಉಪ್ಪುನೀರನ್ನು ಅವುಗಳ ಮೇಲೆ ಹರಿಸಿ, ಹಿಡಿದಿದ್ದ ಸುಣ್ಣವನ್ನು ಕಿತ್ತು ಹೊರಚೆಲ್ಲುತ್ತದೆ. ಉಪ್ಪಿನ ಕೆಲಸ ಇಷ್ಟೇ. ಅದು ಪಾತ್ರೆಗೆ ತಾಕುವುದಿಲ್ಲ, ಪಾತ್ರೆಯನ್ನು ತೊಳೆಯುವುದೂ ಇಲ್ಲ. ಎಲ್ಲವೂ ಒಂದರಲ್ಲೇ ಇರುವ ಟ್ಯಾಬ್ಲೆಟ್ ಆ ಮಣಿಗಳನ್ನು ಮುಟ್ಟುವುದೇ ಇಲ್ಲ. ಅದು ತೊಳೆಯುವ ನೀರಿನಲ್ಲಿ ಕರಗಿ ಸ್ವಲ್ಪ ಮಟ್ಟಿನ ಗಡಸುತನವನ್ನು ಮಾತ್ರ ತಡೆಯಬಲ್ಲದು. ಮೆದು ನೀರಿನ ಊರಿನಲ್ಲಿ ಅದು ಸಾಕಾಗಬಹುದು, ನಮ್ಮ ಕಡೆ ಸಾಲದು. ಅಂಗಡಿಯವರು ಸುಳ್ಳು ಹೇಳಲಿಲ್ಲ, ಬೇರೆ ಊರಿನ ನಿಜವನ್ನು ನಿಮಗೆ ಹೇಳಿದರು.

ಯಂತ್ರದ ಪುಸ್ತಕದಲ್ಲಿ ಗಡಸುತನದ ಮಟ್ಟವನ್ನು ಹೊಂದಿಸುವ ಒಂದು ಪುಟ ಇರುತ್ತದೆ. ಬಹುತೇಕ ಯಾರೂ ಅದನ್ನು ಓದುವುದಿಲ್ಲ. ಅಲ್ಲಿ ಅಂಕಿಗಳು ಫ್ರೆಂಚ್ ಅಥವಾ ಜರ್ಮನ್ ಡಿಗ್ರಿಗಳಲ್ಲಿ ಇದ್ದರೆ ಗಾಬರಿಯಾಗಬೇಡಿ. ಫ್ರೆಂಚ್ ಡಿಗ್ರಿಗೆ ಬೇಕಾದರೆ ಮಿಲಿಗ್ರಾಂ ಅಂಕಿಯನ್ನು 10ರಿಂದ ಭಾಗಿಸಿ, ಜರ್ಮನ್ ಡಿಗ್ರಿಗೆ 17.8ರಿಂದ ಭಾಗಿಸಿ. ನಿಮ್ಮ ನೀರು 500 ಮಿಲಿಗ್ರಾಂ ಎಂದು ಬಂದರೆ ಅದು 50 ಫ್ರೆಂಚ್ ಡಿಗ್ರಿ, ಅಂದರೆ ಸುಮಾರು 28 ಜರ್ಮನ್ ಡಿಗ್ರಿ. ಆ ಮಟ್ಟವನ್ನು ಯಂತ್ರಕ್ಕೆ ತಿಳಿಸಿದರೆ ಮಾತ್ರ ಅದು ಎಷ್ಟು ತೊಳೆತಗಳಿಗೊಮ್ಮೆ ಮಣಿಗಳನ್ನು ಶುದ್ಧಿ ಮಾಡಬೇಕೆಂಬುದನ್ನು ತಿಳಿಯುತ್ತದೆ. ಕಾರ್ಖಾನೆಯಿಂದ ಬಂದ ಮಟ್ಟದಲ್ಲಿಯೇ ಬಿಟ್ಟು, ಉಪ್ಪು ತುಂಬಿದರೂ ಬಿಳಿ ಹೋಗಲಿಲ್ಲ ಎಂದು ದೂರುವವರನ್ನು ನಾನು ಬಹಳ ಕಂಡಿದ್ದೇನೆ. ನೀರಿನ ಗಡಸುತನ ಯಂತ್ರದ ಅತಿ ಹೆಚ್ಚಿನ ಮಟ್ಟವನ್ನೂ ಮೀರಿದ್ದರೆ ಮಾತ್ರ ಮೆಕ್ಯಾನಿಕ್ ಮಾತಿಗೆ ಅರ್ಥವಿದೆ. ಆಗಲೂ ನದಿ ನೀರನ್ನು ಬೆರೆಸಿಯೋ ನೀರು ಬರುವ ಪೈಪಿಗೆ ಪ್ರತ್ಯೇಕ ಸಾಫ್ಟ್‌ನರ್ ಜೋಡಿಸಿಯೋ ನಡೆಸಬಹುದು. ಆರ್‌ಒ ನೀರನ್ನು ಯಂತ್ರಕ್ಕೆ ಹರಿಸುವ ಯೋಚನೆಯನ್ನು ಮಾತ್ರ ಬಿಡಿ, ಅದರ ಸಣ್ಣ ಧಾರೆ ಯಂತ್ರಕ್ಕೆ ಸಾಲುವುದಿಲ್ಲ, ಅದು ಹೊರಚೆಲ್ಲುವ ನೀರು ನಮ್ಮ ಬೇಸಿಗೆಗೆ ಒಪ್ಪುವುದಿಲ್ಲ.

ಉಪ್ಪು ಡಿಶ್‌ವಾಷರ್‌ಗೆಂದೇ ಸಿಗುವ ಹರಳು ಉಪ್ಪೇ ಆಗಬೇಕು. ಅಡುಗೆಯ ಪುಡಿಯುಪ್ಪು ಬೇಡ. ಅದರ ನುಣುಪಾದ ಕಣಗಳು ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ, ಗಂಟಾಗದಿರಲೆಂದು ಅದಕ್ಕೆ ಬೆರೆಸಿದ ಪದಾರ್ಥಗಳು ಮಣಿಗಳಿಗೆ ಒಳ್ಳೆಯದಲ್ಲ. ಸಂತೆಯ ಕಲ್ಲುಪ್ಪಿನಲ್ಲಿ ಮಣ್ಣು ಮತ್ತು ಮೆಗ್ನೀಸಿಯಂ ಇರುವುದರಿಂದ ಅದೂ ಬೇಡ. ಮೊದಲ ಬಾರಿ ತುಂಬುವಾಗ ಮಾತ್ರ ಉಪ್ಪಿನ ಡಬ್ಬಿಗೆ ನೀರು ಹಾಕುತ್ತಾರೆ. ಈಗ ನಿಮ್ಮದರಲ್ಲಿ ನೀರು ಇದ್ದೇ ಇರುತ್ತದೆ, ಬರೀ ಉಪ್ಪು ಸುರಿಯಿರಿ, ಹೆಚ್ಚಾದ ನೀರು ತಾನೇ ಹೊರಬರುತ್ತದೆ. ಸುರಿದ ತಕ್ಷಣ ಪಾತ್ರೆಯಿಲ್ಲದೆ ಒಮ್ಮೆ ಯಂತ್ರವನ್ನು ಓಡಿಸಿ. ಚೆಲ್ಲಿದ ಉಪ್ಪು ರಾತ್ರಿಯಿಡೀ ಅಲ್ಲೇ ಉಳಿದರೆ ಸ್ಟೀಲಿನ ತಳದಲ್ಲಿ ತುಕ್ಕಿನ ಚುಕ್ಕೆಗಳು ಏಳುತ್ತವೆ. ದಿನಕ್ಕೊಮ್ಮೆ ಓಡುವ ನಮ್ಮ ಮನೆಯ ಯಂತ್ರಕ್ಕೆ ಒಂದು ಕಿಲೋ ಉಪ್ಪು ಸುಮಾರು ಮೂರು ವಾರ ಬರುತ್ತದೆ. ಈ ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ.

ಇನ್ನು ಈಗಾಗಲೇ ಕೂತಿರುವ ಬಿಳಿ ಪದರಿನ ವಿಚಾರ. ಒಂದು ಲೋಟದ ಮೇಲೆ ಎರಡು ಹನಿ ವಿನೆಗರ್ ಅಥವಾ ಲಿಂಬೆರಸ ಹಾಕಿ, ಐದು ನಿಮಿಷ ಬಿಟ್ಟು ಉಜ್ಜಿ. ಬಿಳಿ ಹೋದರೆ ಅದು ಸುಣ್ಣ. ಹೋಗದಿದ್ದರೆ, ಬೆಳಕಿಗೆ ಹಿಡಿದಾಗ ಮಂಜು ಮುಸುಕಿದಂತೆ ಕಂಡರೆ, ಅದು ಗಾಜೇ ಸವೆದದ್ದು. ಅತಿ ಮೆದು ನೀರು, ಅತಿಯಾದ ಪುಡಿ ಮತ್ತು ಅತಿ ಬಿಸಿ ಸೇರಿದಾಗ ಹಾಗಾಗುತ್ತದೆ, ಅದಕ್ಕೆ ಮದ್ದಿಲ್ಲ. ನಿಮ್ಮ ನೀರನ್ನು ನೋಡಿದರೆ ಸುಣ್ಣವೇ ಇರಬೇಕು. ಅದನ್ನು ತೆಗೆಯಲು ಖಾಲಿ ಯಂತ್ರದಲ್ಲಿ ಸುಮಾರು 60 ಗ್ರಾಂ ಸಿಟ್ರಿಕ್ ಆಸಿಡ್ ಪುಡಿಯನ್ನು ಹಾಕಿ, 50 ಡಿಗ್ರಿ ಆಸುಪಾಸಿನ ಪ್ರೋಗ್ರಾಂ ಓಡಿಸಿ. ಹೆಚ್ಚು ಬಿಸಿಯಾದಷ್ಟೂ ಒಳ್ಳೆಯದೆಂದು 70 ಡಿಗ್ರಿಗೆ ಹೋಗಬೇಡಿ; ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಲವಣ ಬಿಸಿ ನೀರಿನಲ್ಲಿ ಇನ್ನೂ ಕಡಿಮೆ ಕರಗುವುದರಿಂದ ಒಂದು ಬಿಳಿಯನ್ನು ತೆಗೆಯಲು ಹೋಗಿ ಇನ್ನೊಂದು ಬಿಳಿಯನ್ನು ತಂದುಕೊಂಡಂತಾಗುತ್ತದೆ. ಪ್ರತಿ ಸಲ ವಿನೆಗರ್ ಸುರಿಯುವ ಅಭ್ಯಾಸವೂ ಬೇಡ, ಅದು ರಬ್ಬರ್ ಪಟ್ಟಿಗಳನ್ನು ಕ್ರಮೇಣ ಕೆಡಿಸುತ್ತದೆ. ಬ್ಲೀಚಿಂಗ್ ದ್ರಾವಣವನ್ನಂತೂ ಇವುಗಳ ಜೊತೆ ಎಂದೂ ಸೇರಿಸಬಾರದು, ವಿಷಾನಿಲ ಏಳುತ್ತದೆ.

ತಳದಲ್ಲಿ ನೀರು ನಿಂತದ್ದಕ್ಕೂ ಸವಳಿಗೂ ಸಂಬಂಧವಿಲ್ಲ, ಅದು ದೀಪಾವಳಿಯ ಫರಾಳದ ಫಲ. ಸ್ವಿಚ್ ತೆಗೆದು, ಕೆಳಗಿನ ಬುಟ್ಟಿಯನ್ನು ಹೊರಗಿಟ್ಟು, ನಿಂತ ನೀರನ್ನು ಲೋಟದಿಂದ ಮತ್ತು ಬಟ್ಟೆಯಿಂದ ತೆಗೆಯಿರಿ. ನಡುವಿನ ಜಾಲರಿಯನ್ನು ಎಡಕ್ಕೆ ತಿರುಗಿಸಿದರೆ ಮೇಲೆ ಬರುತ್ತದೆ. ಅದರ ಕೆಳಗಿನ ನುಣ್ಣನೆಯ ಜಾಲರಿಯನ್ನೂ ಎತ್ತಿ, ನಲ್ಲಿಯ ಕೆಳಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಸಾಮಾನ್ಯವಾಗಿ ಅಲ್ಲಿಯೇ ಕರಿಬೇವಿನ ಎಲೆ, ಸಾಸಿವೆ, ಉಳ್ಳಾಗಡ್ಡಿಯ ಸಿಪ್ಪೆ ಮತ್ತು ಹೆಪ್ಪುಗಟ್ಟಿದ ಎಣ್ಣೆ ಸಿಗುತ್ತವೆ. ಅಲ್ಲಿ ಏನೂ ಇಲ್ಲದಿದ್ದರೆ ಗುಂಡಿಯೊಳಗೆ ನೀರು ಹೊರತಳ್ಳುವ ಪಂಪಿನ ಚಿಕ್ಕ ಚಕ್ರವಿರುತ್ತದೆ, ಅನೇಕ ಯಂತ್ರಗಳಲ್ಲಿ ಅದರ ಮೇಲಿನ ಮುಚ್ಚಳವನ್ನು ಚಮಚದ ಹಿಡಿಯಿಂದ ಎಬ್ಬಿಸಬಹುದು. ಬರಿಗೈ ಹಾಕಬೇಡಿ, ಒಡೆದ ಲೋಟದ ಚೂರು ಅಡಗಿರುವುದೇ ಅಲ್ಲಿ. ಟೂತ್‌ಪಿಕ್ ಅಥವಾ ಚೂರು ಸಿಕ್ಕಿಕೊಂಡಿದ್ದರೆ ತೆಗೆದು, ಚಕ್ರ ತಿರುಗುತ್ತದೆಯೇ ಎಂದು ನೋಡಿ. ಕೊನೆಗೆ ಹೊರಹರಿವಿನ ಪೈಪು ಯಂತ್ರದ ಹಿಂದೆ ಮಡಚಿಕೊಂಡಿದೆಯೇ ನೋಡಿ. ಅದನ್ನು ನೆಲದಿಂದ ಎರಡು ಅಡಿ ಎತ್ತರಕ್ಕೆ ಒಂದು ಬಾಗು ಕೊಟ್ಟು ತರಬೇಕು, ಇಲ್ಲವಾದರೆ ಸಿಂಕಿನ ಕೊಳೆನೀರು ಒಳಗೆ ಮರಳುತ್ತದೆ. ಇಷ್ಟಾದರೂ ಪಂಪು ಗುಂಯ್ ಎನ್ನುತ್ತ ನೀರು ತೆಗೆಯದಿದ್ದರೆ ಮಾತ್ರ ಮೆಕ್ಯಾನಿಕ್‌ನನ್ನು ಕರೆಯಿರಿ. ಕೈಯಲ್ಲಿ ಪಾತ್ರೆ ತಿಕ್ಕುವ ಸೋಪಿನ ದ್ರವವನ್ನು ಯಾರಾದರೂ ಸಹಾಯಕ್ಕೆಂದು ಯಂತ್ರಕ್ಕೆ ಹಾಕಿದ್ದರೆ ನೊರೆಯೆದ್ದು ಇದೇ ರೀತಿ ನಿಲ್ಲುತ್ತದೆ. ನಮ್ಮಲ್ಲಿ ಒಮ್ಮೆ ನಾದಿನಿ ಹಾಗೆ ಮಾಡಿ, ನೊರೆ ಅಡುಗೆಮನೆಯ ಹೊಸ್ತಿಲು ದಾಟಿತ್ತು.

ಎಳ್ಳಿನ ಸಮಸ್ಯೆ ನಮ್ಮ ಕಡೆಯದೇ ಎನ್ನಬೇಕು. ಸಜ್ಜಿ ರೊಟ್ಟಿಗೆ ಹಚ್ಚಿದ ಎಳ್ಳು ತಾಟಿನಿಂದ ಇಳಿದು, ಸರಿಯಾಗಿ ಕೂರದ ಜಾಲರಿಯ ಸಂದಿಯಿಂದ ನುಸುಳಿ, ನೀರಿನ ಜೊತೆ ಸುತ್ತಿ ಬಂದು ಸ್ಪ್ರೇ ಆರ್ಮ್‌ನ, ಅಂದರೆ ನೀರು ಚಿಮ್ಮಿಸುತ್ತ ತಿರುಗುವ ತೋಳಿನ, ರಂಧ್ರಗಳಲ್ಲಿ ಹೇಳಿ ಮಾಡಿಸಿದಂತೆ ಕೂರುತ್ತದೆ. ರಂಧ್ರ ಮುಚ್ಚಿದ ಕಡೆ ನೀರು ಚಿಮ್ಮುವುದಿಲ್ಲ, ತೋಳು ತಿರುಗುವ ವೇಗವೂ ಕುಗ್ಗುತ್ತದೆ. ನಿಮ್ಮ ಭಜಿಯ ಬಟ್ಟಲುಗಳು ತೊಳೆಯದೆ ಉಳಿದದ್ದಕ್ಕೆ ಅರ್ಧ ಕಾರಣ ಇದೇ ಎಂದು ನನ್ನ ಎಣಿಕೆ. ಎರಡೂ ತೋಳುಗಳನ್ನು ಬಿಚ್ಚಿ, ಹಲ್ಲುಕಡ್ಡಿಯಿಂದ ರಂಧ್ರಗಳನ್ನು ಬಿಡಿಸಿ, ನಲ್ಲಿಗೆ ಹಿಡಿದು ಅಲುಗಾಡಿಸಿ. ಒಳಗಿನ ಕಾಳು ಗಿಲಕಿಯಂತೆ ಸದ್ದು ಮಾಡುತ್ತದೆ. ಉಳಿದರ್ಧ ಕಾರಣ ಕಡಲೆ ಹಿಟ್ಟು. ಅದರ ಪ್ರೋಟೀನು ಬಿಸಿ ತಾಗಿದರೆ ಪಾತ್ರೆಗೆ ಗಟ್ಟಿಯಾಗಿ ಹಿಡಿಯುತ್ತದೆ, ಆದ್ದರಿಂದ ಹಿಟ್ಟು ಕಲಸಿದ ಬುಟ್ಟಿಯನ್ನು ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಯಿಟ್ಟು, ಒಮ್ಮೆ ಕೈಯಾಡಿಸಿ ಚೆಲ್ಲಿ. ಎಲ್ಲ ಪಾತ್ರೆಗಳನ್ನೂ ಮೊದಲೇ ತಿಕ್ಕಬೇಕೆಂದಿಲ್ಲ, ತಿಕ್ಕಿದರೆ ಯಂತ್ರ ಏಕೆ ಬೇಕು? ಉಳಿದ ತುಣುಕುಗಳನ್ನು ಬಳಿದು ಚೆಲ್ಲಿದರೆ ಸಾಕು. ತೊಳೆಯುವ ಪುಡಿಯಲ್ಲಿರುವ ಕಿಣ್ವಗಳಿಗೆ ಪಿಷ್ಟ ಮತ್ತು ಪ್ರೋಟೀನನ್ನು ಒಡೆಯುವುದೇ ಕೆಲಸ. ಬಟ್ಟಲುಗಳನ್ನು ಒಂದರೊಳಗೊಂದು ಕೂರದಂತೆ, ಬಾಯಿ ಕೆಳಗೂ ಒಳಗೂ ವಾಲುವಂತೆ ಇಡಿ. ಬಾಗಿಲು ಮುಚ್ಚುವ ಮೊದಲು ಎರಡೂ ತೋಳುಗಳನ್ನು ಬೆರಳಿನಿಂದ ತಿರುಗಿಸಿ, ಎತ್ತರದ ಪರಾತಕ್ಕೋ ಸೌಟಿಗೋ ತಗುಲುತ್ತದೆಯೇ ನೋಡಿ.

ಪ್ಲಾಸ್ಟಿಕ್ ಒದ್ದೆಯಾಗಿ ಬರುವುದು ದೋಷವಲ್ಲ. ಸ್ಟೀಲು ಮತ್ತು ಪಿಂಗಾಣಿ ಬಿಸಿಯನ್ನು ಹಿಡಿದಿಟ್ಟುಕೊಂಡು ತಮ್ಮ ಮೇಲಿನ ನೀರನ್ನು ತಾವೇ ಆರಿಸುತ್ತವೆ, ತೆಳುವಾದ ಪ್ಲಾಸ್ಟಿಕ್‌ಗೆ ಆ ಶಕ್ತಿಯಿಲ್ಲ. ಕೊನೆಯ ಜಾಲಾಟಕ್ಕೆ ಬಳಸುವ ರಿನ್ಸ್ ಏಡ್ ದ್ರವ ಹಾಕಿದರೆ ನೀರು ಹನಿಯಾಗಿ ನಿಲ್ಲದೆ ಹಾಳೆಯಾಗಿ ಜಾರುವುದರಿಂದ ಸ್ವಲ್ಪ ಉತ್ತಮವಾಗುತ್ತದೆ. ನಿಮ್ಮ ತೊಟ್ಟಿ ಯಂತ್ರಕ್ಕಿಂತ ಮೂರು ನಾಲ್ಕು ಮೀಟರ್ ಮಾತ್ರ ಎತ್ತರದಲ್ಲಿದ್ದರೆ ನೀರಿನ ಒತ್ತಡವನ್ನೂ ಪರೀಕ್ಷಿಸಿ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ, ಎಷ್ಟೋ ಯಂತ್ರಗಳು ಕನಿಷ್ಠ ಅರ್ಧ ಬಾರ್ ಕೇಳುತ್ತವೆ. ನೀರು ಬರುವ ಪೈಪಿನ ತುದಿಯ ಚಿಕ್ಕ ಜಾಲರಿಯಲ್ಲಿ ಬೋರ್‌ವೆಲ್ ಮರಳು ಕಟ್ಟಿಕೊಂಡರೂ ಒತ್ತಡ ಕುಸಿಯುತ್ತದೆ. ನಡುವೆ ಕರೆಂಟ್ ಹೋದರೆ ಗುಂಡಿಗಳನ್ನು ಒತ್ತಬೇಡಿ, ಸಾಮಾನ್ಯವಾಗಿ ಯಂತ್ರ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಈಗ ಹುಟ್ಟುಹಬ್ಬಕ್ಕೆ ಬರೋಣ. ಮೂವತ್ತು ಜನರಿಗೆ ತಿಂಡಿ ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ರುಚಿಯದಲ್ಲ, ಇದನ್ನು ಎಷ್ಟು ಪಾತ್ರೆಯಲ್ಲಿ ಮಾಡಬೇಕು, ಯಾವುದರಲ್ಲಿ ತಿನ್ನಬೇಕು ಎಂಬುದು. ಈ ಲೆಕ್ಕದಲ್ಲಿ ಚುರುಮುರಿಯ ತಿಂಡಿಯಾದ ಗಿರ್ಮಿಟ್‌ಗೆ ಸಾಟಿಯಿಲ್ಲ. ಅದರ ಒಗ್ಗರಣೆಯ ಗೊಜ್ಜನ್ನು ಒಂದು ದಿನ ಮೊದಲೇ ಮಾಡಿ ಫ್ರಿಜ್ಜಿನಲ್ಲಿ ಇಡಬಹುದು, ಹುಣಸೆಹಣ್ಣಿನ ಹುಳಿಯಿರುವುದರಿಂದ ಅದು ಕೆಡುವುದಿಲ್ಲ. ಮೂವತ್ತು ಜನರಿಗೆ ಒಂದೂಕಾಲು ಕಿಲೋ ಚುರುಮುರಿ, ಒಂದು ಕಿಲೋ ಉಳ್ಳಾಗಡ್ಡಿ, ಅರ್ಧ ಕಿಲೋ ಟೊಮೆಟೊ, 300 ಗ್ರಾಂ ಪುಟಾಣಿ ಹಿಟ್ಟು, ಎರಡು ಲಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು ಮತ್ತು ಅದಕ್ಕೆ ತಕ್ಕ ಬೆಲ್ಲ ಬೇಕಾಗುತ್ತದೆ. ಉಳ್ಳಾಗಡ್ಡಿಯ ಅರ್ಧಭಾಗವನ್ನು ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಹಸಿಮೆಣಸಿನಕಾಯಿಯ ಒಗ್ಗರಣೆಯಲ್ಲಿ ಮೆತ್ತಗಾಗುವವರೆಗೆ ಹುರಿದು, ಟೊಮೆಟೊ, ಅರಿಶಿನ, ಉಪ್ಪು, ಹುಣಸೆರಸ ಮತ್ತು ಬೆಲ್ಲ ಸೇರಿಸಿ ಎಣ್ಣೆ ಬಿಡುವಷ್ಟು ಕುದಿಸಿ. ಉಳಿದರ್ಧವನ್ನು ಸಣ್ಣಗೆ ಹೆಚ್ಚಿ ಹಸಿಯಾಗಿಯೇ ಇಡಿ. ಬಡಿಸುವಾಗ ಒಮ್ಮೆಗೆ ಐದಾರು ಜನರಿಗಾಗುವಷ್ಟು ಚುರುಮುರಿಯನ್ನು ಮಾತ್ರ ಬುಟ್ಟಿಗೆ ಹಾಕಿ, ಗೊಜ್ಜು ಬೆರೆಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ ಮತ್ತು ಸೇವು ಹಾಕಿ ಕೊಡಿ. ಪೂರ್ತಿ ಒಮ್ಮೆಗೇ ಕಲಸಿಟ್ಟರೆ ಹತ್ತು ನಿಮಿಷದಲ್ಲಿ ಮೆತ್ತಗಾಗಿ, ಕೊನೆಗೆ ಬಂದವರಿಗೆ ಸುಸಲಾ, ಅಂದರೆ ನೆನೆಸಿದ ಚುರುಮುರಿಯ ಒಗ್ಗರಣೆ, ಸಿಗುತ್ತದೆ. ಸುಸಲಾ ಒಳ್ಳೆಯ ತಿಂಡಿಯೇ, ಆದರೆ ಅದು ಬೆಳಗಿನದು. ಇದನ್ನು ಮುತ್ತುಗದ ಎಲೆಯ ದೊನ್ನೆಯಲ್ಲಿ ಕೊಟ್ಟರೆ ತೊಳೆಯುವ ಮಾತೇ ಇಲ್ಲ. ಸುದ್ದಿಪತ್ರಿಕೆಯ ಪೊಟ್ಟಣ ನೋಡಲು ಚೆಂದ, ಆದರೆ ಮುದ್ರಣದ ಶಾಯಿ ಆಹಾರಕ್ಕೆ ಸೇರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವೂ ಬೇಡವೆಂದಿದೆ.

ಎರಡನೆಯದು ಒಲೆಯನ್ನೇ ಹಚ್ಚದ ತಿಂಡಿ. ಜೋಳದ ಖಡಕ್ ರೊಟ್ಟಿಯನ್ನು ರೊಟ್ಟಿ ಮಾಡಿ ಮಾರುವವರಿಂದ ತಂದು, ಒಂದೊಂದನ್ನು ನಾಲ್ಕು ತುಂಡು ಮಾಡಿ. ಹದಿನೈದು ರೊಟ್ಟಿಗೆ ಅರುವತ್ತು ತುಂಡುಗಳಾಗುತ್ತವೆ. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಕೆನೆಮೊಸರನ್ನು ತೆಳ್ಳಗೆ ಹಚ್ಚಿ, ಮೇಲೆ ಶೇಂಗಾ ಹಿಂಡಿ (ಚಟ್ನಿಪುಡಿ) ಉದುರಿಸಿ, ಸಣ್ಣಗೆ ಹೆಚ್ಚಿದ ಸೌತೆಕಾಯಿ ಮತ್ತು ನಾಲ್ಕೆಲೆ ಹಸಿ ಮೆಂತೆಸೊಪ್ಪು ಇಟ್ಟು ತಕ್ಷಣ ಕೊಡಿ. ದೊಡ್ಡವರಿಗೆ ಕೆಲವು ತುಂಡುಗಳ ಮೇಲೆ ಕೆಂಪು ಮೆಣಸಿನಕಾಯಿಯ ರಂಜಕ ಚಟ್ನಿ ಹಚ್ಚಿ. ಸಜ್ಜಿ ರೊಟ್ಟಿಯೇ ಬೇಕೆಂದರೆ ಎಳ್ಳಿನ ಮಾತನ್ನು ನೆನಪಿಟ್ಟು, ತಾಟುಗಳನ್ನು ಕಸದ ಬುಟ್ಟಿಯ ಮೇಲೆ ಕೊಡವಿ ಯಂತ್ರಕ್ಕಿಡಿ.

ಮೂರನೆಯದಾಗಿ ಮಡಕಿ ಕಾಳಿನ ಉಸುಳಿ. ಮುಕ್ಕಾಲು ಕಿಲೋ ಕಾಳನ್ನು ಎರಡು ದಿನ ಮೊದಲು ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಬೇಯಿಸಲು ಬೋರ್‌ವೆಲ್ ನೀರು ಬೇಡ, ಕುಡಿಯುವ ನೀರನ್ನೇ ಬಳಸಿ. ಬ್ಯಾಳಿಗೆ ಹೇಳಿದ್ದೇ ಮಡಕಿಗೂ. ಆರಿದ ಮೇಲೂ ರುಚಿ ಕೆಡದ ತಿಂಡಿ ಇದು, ಲಿಂಬೆರಸ ಹಿಂಡಿ ಇಟ್ಟುಬಿಟ್ಟರೆ ಅತಿಥಿಗಳು ತಾವೇ ಹಾಕಿಕೊಳ್ಳುತ್ತಾರೆ.

ಮಿರ್ಚಿ ಭಜಿಯ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ರುಚಿಸದು. ಮಿರ್ಚಿ ಇಲ್ಲದ ಸಂಜೆಯನ್ನು ನಮ್ಮ ಕಡೆಯವರು ಪಾರ್ಟಿ ಎಂದು ಒಪ್ಪುವುದಿಲ್ಲ ಎಂಬುದು ನಿಜ, ಆದರೆ ಬಿಸಿಯಾಗಿ ಕೊಡಬೇಕಾದ ಆ ಒಂದು ತಿಂಡಿ ಮನೆಯಾಕೆಯನ್ನು ಎರಡು ತಾಸು ಬಾಣಲೆಗೆ ಕಟ್ಟಿಹಾಕುತ್ತದೆ, ಆಮೇಲೆ ಹಿಟ್ಟಿನ ಬುಟ್ಟಿ, ಜಾರಿ, ಎಣ್ಣೆಯ ಬಾಣಲೆ ಎಂದು ಅತ್ಯಂತ ಕಷ್ಟದ ಮುಸುರೆಯನ್ನೂ ಬಿಟ್ಟು ಹೋಗುತ್ತದೆ. ನಿಮ್ಮ ಓಣಿಯ ಗಾಡಿಯವರಿಗೆ ಮೊದಲೇ ಹೇಳಿ ನಲವತ್ತು ಮಿರ್ಚಿಯನ್ನು ಸರಿಯಾದ ವೇಳೆಗೆ ತರಿಸಿಕೊಳ್ಳಿ. ಮನೆಯಲ್ಲೇ ಕರಿಯುವುದಾದರೆ ಬಾಣಲೆಯ ಎಣ್ಣೆಯನ್ನು ಸೋಸಿ ತೆಗೆದು, ಉಳಿದ ಜಿಡ್ಡನ್ನು ಕಾಗದದಿಂದ ಒರೆಸಿ. ಬಾಣಲೆ ಕಬ್ಬಿಣದ್ದೋ ಹಿಂಡಾಲಿಯಂನದೋ ಆಗಿದ್ದರೆ ಅದನ್ನು ಕೈಯಲ್ಲೇ ತೊಳೆಯಬೇಕು. ಕ್ಷಾರದ ಪುಡಿಗೆ ಹಿಂಡಾಲಿಯಂ ಕಪ್ಪಗಾಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ರೊಟ್ಟಿಯ ಹಂಚು, ಹಿತ್ತಾಳೆ, ತಾಮ್ರ ಮತ್ತು ಮರದ ಲಟ್ಟಣಿಗೆಗೂ ಇದೇ ಮಾತು.

ಸಿಹಿಗೆ ಶ್ರಮ ಬೇಡ. ಅಮೀನಗಡದ ಕರದಂಟು ನಿಮಗೆ ಹತ್ತಿರವೇ ಇದೆ, ಸಣ್ಣ ತುಂಡು ಮಾಡಿಡಿ. ಮಕ್ಕಳಿಗೆ ಶೇಂಗಾ ಉಂಡಿ ಇರಲಿ. ಶಿರಾ, ಪಾಯಸ, ಬಾಸುಂದಿ ಬೇಡ, ತಳ ಹಿಡಿದ ಪಾತ್ರೆ ಮತ್ತು ಒಣಗಿದ ಹಾಲಿನ ಬಟ್ಟಲುಗಳು ಅವುಗಳ ಹಿಂದೆಯೇ ಬರುತ್ತವೆ. ಕುಡಿಯಲು ಒಗ್ಗರಣೆ ಹಾಕದ ಮಜ್ಜಿಗೆ ಮತ್ತು ಲಿಂಬು ಶರಬತ್ತು ಸಾಕು. ಮಜ್ಜಿಗೆಯ ಲೋಟಗಳನ್ನು ಒಣಗುವ ಮೊದಲು ಒಮ್ಮೆ ನೀರಾಡಿಸಿ ಇಟ್ಟರೆ ಒಳ್ಳೆಯದು.

ಆ ದಿನದ ಕ್ರಮ ಹೀಗಿರಲಿ. ಒಂದು ವಾರ ಮೊದಲು ಉಪ್ಪು, ಮಟ್ಟ, ಸಿಟ್ರಿಕ್ ಆಸಿಡ್, ಜಾಲರಿ ಮತ್ತು ತೋಳುಗಳ ಕೆಲಸ ಮುಗಿಸಿ, ಎರಡು ಮೂರು ಬಾರಿ ದಿನದ ಪಾತ್ರೆಗಳನ್ನು ತೊಳೆದು ಫಲವನ್ನು ನೋಡಿಕೊಳ್ಳಿ. ಹುಟ್ಟುಹಬ್ಬದ ದಿನ ಅತಿಥಿಗಳು ಬರುವ ವೇಳೆಗೆ ಯಂತ್ರ ಖಾಲಿಯಾಗಿರಬೇಕು, ಇದೇ ಮುಖ್ಯ. ಮಧ್ಯಾಹ್ನದ ಅಡುಗೆಯ ಪಾತ್ರೆಗಳಿಂದ ಅರ್ಧ ತುಂಬಿದ ಯಂತ್ರ ಸಂಜೆ ನಿಮಗೆ ಆಗಿಬರುವುದಿಲ್ಲ. ಇಕೋ ಪ್ರೋಗ್ರಾಂ ಮೂರು ತಾಸಿಗೂ ಹೆಚ್ಚು ಹಿಡಿಯುವುದರಿಂದ ನಡುವೆ ಲೋಟಗಳು ಮತ್ತೆ ಬೇಕಾದರೆ ಅರ್ಧ ತಾಸಿನ ಕ್ವಿಕ್ ಪ್ರೋಗ್ರಾಂ ಓಡಿಸಿ, ಅದಕ್ಕೆ ನೀರಿನ ಮತ್ತು ಶರಬತ್ತಿನ ಲೋಟಗಳನ್ನು ಮಾತ್ರ ಇಡಿ, ಎಣ್ಣೆ ತಾಗಿದ್ದನ್ನು ಇಡಬೇಡಿ. ಎಲ್ಲರೂ ಹೋದ ಮೇಲೆ ಉಳಿದ ತಾಟು, ಬಟ್ಟಲು, ಚಮಚಗಳನ್ನು ತುಂಬಿ, 65ರಿಂದ 70 ಡಿಗ್ರಿಯ ಇಂಟೆನ್ಸಿವ್ ಪ್ರೋಗ್ರಾಂ ಹಚ್ಚಿ ಮಲಗಿ. ಅರಿಶಿನದ ಕಲೆಗೆ ತೊಳೆಯುವ ಜೆಲ್‌ಗಿಂತ ಪುಡಿಯೇ ಮೇಲು. ಅದರಲ್ಲಿ ಕಲೆ ತೆಗೆಯುವ ಆಮ್ಲಜನಕದ ಅಂಶವಿರುತ್ತದೆ, ಜೆಲ್ಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೂ ಹಳದಿ ಉಳಿದ ಪ್ಲಾಸ್ಟಿಕ್ ಡಬ್ಬಿಯನ್ನು ಮಾಳಿಗೆಯ ಬಿಸಿಲಿಗೆ ಇಡಿ, ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ.

ಬೆಳಿಗ್ಗೆ ಬಾಗಿಲು ತೆರೆದಾಗ ಕೆಳಗಿನ ಬುಟ್ಟಿಯನ್ನೇ ಮೊದಲು ಖಾಲಿ ಮಾಡಿ. ಮೇಲಿನ ಬುಟ್ಟಿಯನ್ನು ಮೊದಲು ಎಳೆದರೆ ಲೋಟಗಳ ಗುಳಿಬಿದ್ದ ತಳದಲ್ಲಿ ನಿಂತ ನೀರು ಕೆಳಗೆ ಒಣಗಿ ಕೂತ ತಾಟುಗಳ ಮೇಲೆ ಚೆಲ್ಲುತ್ತದೆ, ಮತ್ತೆ ಒರೆಸುವ ಬಟ್ಟೆ ಹುಡುಕಬೇಕಾಗುತ್ತದೆ.